ಆಟ ಮುಗಿದ ಮೇಲಿನ ಆಟಗಾರ

ಫುಟ್‌ಬಾಲ್ ಎಂಬ ಮಾತಿಗೆ ನಮ್ಮಲ್ಲಿರುವುದು ಒಂದೇ ಅರ್ಥ. ಕಾಲಿನಿಂದ ಚೆಂಡನ್ನು ಒದ್ದು ಆಡುವ ಆಟ. ಅಮೆರಿಕದವರಿಗೆ ಅದರ ಅರ್ಥವೇ ಬೇರೆ. ಅವರ ಫುಟ್‌ಬಾಲಿನಲ್ಲಿ ಚೆಂಡು ಕಾಲಿಗೆ ತಗಲುವುದು ಅಪರೂಪ. ಎರಡು ತುದಿಯೂ ಚೂಪಾಗಿರುವ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡೋ ಕೈಯಿಂದ ಎಸೆದೋ ಎದುರು ಪಕ್ಷದ ನೆಲದೊಳಕ್ಕೆ ಒಯ್ಯಬೇಕು. ಎದುರು ಪಕ್ಷದವರು ಮೈಮೇಲೆ ಬಿದ್ದು ಅದನ್ನು ತಡೆಯಬೇಕು. ತಲೆಗೆ ಗಟ್ಟಿಯಾದ ಶಿರಸ್ತ್ರಾಣ, ಹೆಗಲಿಗೆ ದಪ್ಪ ಮೆತ್ತೆ. ಇದು ನಮ್ಮ ಕಾಲ್ಚೆಂಡಾಟಕ್ಕಿಂತ ಕಬಡ್ಡಿಗೇ ಹತ್ತಿರವೆಂದು ನೋಡಿದವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ನೆಲವನ್ನು ಗೆಲ್ಲುವುದು, ಹಿಡಿಯುವುದು, ಕೆಡಹುವುದು, ಕೆಡಹಿದವನನ್ನು ನೋಡಿ ಜನ ಕೂಗುವುದು, ಇಷ್ಟು ಎರಡಕ್ಕೂ ಸಮಾನ.

ಈ ಆಟವನ್ನಾಡಿದ ಮೈಕ್ ವೆಬ್‌ಸ್ಟರ್ ಎಂಬಾತನ ಜೀವನವನ್ನು ಕಳೆದ ಕೆಲವು ವಾರಗಳಿಂದ ನಾನು ಓದುತ್ತಿದ್ದೇನೆ. ಚನ್ನರಾಯಪಟ್ಟಣದಲ್ಲಿ ಕುಳಿತು (ಹಾಸನ ಜಿಲ್ಲೆಯದಲ್ಲ, ದೇವನಹಳ್ಳಿ ತಾಲ್ಲೂಕಿನದು, 1,777 ಎಕರೆ ಭೂಸ್ವಾಧೀನವನ್ನು ಕೈಬಿಡುವುದಾಗಿ ಸರ್ಕಾರ 2025ರ ಜುಲೈ 15ರಂದು ಸಾರುವವರೆಗೂ ಪತ್ರಿಕೆಗಳಲ್ಲಿ ನಮ್ಮ ಹೋಬಳಿಯ ಹೆಸರು ಬಂದದ್ದು ಆ ಹೋರಾಟದಿಂದಲೇ) ಕನ್ನಡ ಪಾಠ ಹೇಳುವವನಿಗೆ ಅಮೆರಿಕದ ಆಟಗಾರನ ಗೊಡವೆ ಏಕೆಂದು ಓದುಗರು ಕೇಳಬಹುದು. ಕಾರಣವನ್ನು ಕೊನೆಗೆ ಹೇಳುತ್ತೇನೆ.

ವೆಬ್‌ಸ್ಟರ್ ಹುಟ್ಟಿದ್ದು 1952ರಲ್ಲಿ, ವಿಸ್ಕಾನ್ಸಿನ್ ಸಂಸ್ಥಾನದಲ್ಲಿ. ಬೆಳೆದದ್ದು ಆಲೂಗಡ್ಡೆಯ ಹೊಲದಲ್ಲಿ. 1974ರಲ್ಲಿ ಪಿಟ್ಸ್‌ಬರ್ಗ್ ನಗರದ ಸ್ಟೀಲರ್ಸ್ ತಂಡವನ್ನು ಸೇರಿದ. ಆ ಊರು ಉಕ್ಕಿನ ಕಾರ್ಖಾನೆಗಳ ಊರು. ತಂಡದ ಹೆಸರೂ ಅದರಿಂದಲೇ ಬಂದದ್ದು. ಅಲ್ಲಿ ಹದಿನೈದು ವರ್ಷ, ಆಮೇಲೆ ಕಾನ್ಸಾಸ್ ಸಿಟಿಯ ತಂಡದಲ್ಲಿ ಎರಡು ವರ್ಷ, ಒಟ್ಟು 245 ಪಂದ್ಯಗಳು. ಅಮೆರಿಕದ ಅತ್ಯುನ್ನತ ಪಂದ್ಯವಾದ ಸೂಪರ್ ಬೌಲನ್ನು ಆತನ ತಂಡ ನಾಲ್ಕು ಸಲ ಗೆದ್ದಿತು. ನೀರು ಹೆಪ್ಪುಗಟ್ಟುವ ಚಳಿಯಲ್ಲಿಯೂ ಆತ ಬರಿದೋಳಿನಲ್ಲಿ ಆಡುತ್ತಿದ್ದನು. ಜನ ಅವನನ್ನು ಕಬ್ಬಿಣದ ಮೈಕನೆಂದು ಕರೆದರು.

ತಂಡದಲ್ಲಿ ಆತನ ಸ್ಥಾನಕ್ಕೆ ಸೆಂಟರ್ ಎಂದು ಹೆಸರು. ಪ್ರತಿ ಸಲದ ಆಟವೂ ಅವನಿಂದಲೇ ಮೊದಲಾಗುತ್ತದೆ. ಬಗ್ಗಿ ನಿಂತು, ಚೆಂಡನ್ನು ತನ್ನ ಕಾಲುಗಳ ನಡುವಿನಿಂದ ಹಿಂದಿನವನಿಗೆ ಕೊಟ್ಟು, ಮರುಕ್ಷಣವೇ ತಲೆಯೆತ್ತಿ ಎದುರಿಗೆ ನಿಂತ ದೈತ್ಯನನ್ನು ಢೀ ಕೊಡಬೇಕು. ಚೆಂಡು ಹೊತ್ತು ಓಡುವವನಿಗೆ ಬೀಳುವ ಪೆಟ್ಟನ್ನು ಲೋಕವೆಲ್ಲ ನೋಡುತ್ತದೆ, ಅಯ್ಯೋ ಎನ್ನುತ್ತದೆ. ಸೆಂಟರಿನವನ ಪೆಟ್ಟು ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಅವನನ್ನು ಕೆಡಹುವಂಥದಲ್ಲ. ಎದ್ದು ಮತ್ತೆ ಬಗ್ಗಿ ನಿಲ್ಲಲು ಬಿಡುವಂಥದು. ಒಂದು ಪಂದ್ಯದಲ್ಲಿ ಹತ್ತಾರು ಸಲ, ಅಭ್ಯಾಸದ ದಿನಗಳಲ್ಲಿ ಅದಕ್ಕಿಂತ ಹೆಚ್ಚು, ಹದಿನೇಳು ವರ್ಷ.

1997ರಲ್ಲಿ ಆತನನ್ನು ಆಟದ ಕೀರ್ತಿಮಂದಿರಕ್ಕೆ ಸೇರಿಸಿದರು. ಆ ಸಮಾರಂಭದ ಹೊತ್ತಿಗಾಗಲೇ ಆತ ಮನೆಮಠವಿಲ್ಲದವನಂತೆ ತನ್ನ ಟ್ರಕ್ಕಿನಲ್ಲಿಯೋ ರೈಲು ನಿಲ್ದಾಣದಲ್ಲಿಯೋ ಮಲಗುತ್ತಿದ್ದನು. ಮಾತಿಗೆ ಮಾತು ಕೂಡುತ್ತಿರಲಿಲ್ಲ. ಅಂದಿನ ಭಾಷಣವೂ ನಿಗದಿಯಾದ ಹೊತ್ತನ್ನು ಮೀರಿ ಎಲ್ಲೆಲ್ಲಿಗೋ ಅಲೆಯಿತು. ಬಿದ್ದ ಹಲ್ಲುಗಳನ್ನು ಅಂಟಿನಿಂದ ತಾನೇ ಅಂಟಿಸಿಕೊಳ್ಳುತ್ತಿದ್ದ. ನಿದ್ರೆ ಬಾರದಿದ್ದಾಗ, ಪೊಲೀಸರು ಪುಂಡರ ಮೇಲೆ ಪ್ರಯೋಗಿಸುವ ವಿದ್ಯುದಾಯುಧದಿಂದ ತನ್ನನ್ನು ತಾನೇ ಜ್ಞಾನ ತಪ್ಪಿಸಿಕೊಳ್ಳುತ್ತಿದ್ದನಂತೆ. ಸಂಸಾರ ಒಡೆಯಿತು. 2002ರ ಸೆಪ್ಟೆಂಬರ್ 24ರಂದು ಹೃದಯಾಘಾತದಿಂದ ತೀರಿಕೊಂಡಾಗ ಆತನಿಗೆ ಐವತ್ತು ವರ್ಷ.

ಇಲ್ಲಿಗೆ ಇದು ಒಬ್ಬ ಮನುಷ್ಯನ ದುರ್ದೈವದ ಕಥೆಯಾಗಿ ಮುಗಿದುಹೋಗಬೇಕಾಗಿತ್ತು. ಹಾಗಾಗದೆ ಇದ್ದದ್ದಕ್ಕೆ ಕಾರಣ ಬೆನೆಟ್ ಒಮಾಲು ಎಂಬ ವೈದ್ಯ. ಆತ ನೈಜೀರಿಯದವನು, ಬಯಾಫ್ರದ ಯುದ್ಧದ ನಡುವೆ ಹುಟ್ಟಿದವನು, ಪಿಟ್ಸ್‌ಬರ್ಗಿನಲ್ಲಿ ಶವಪರೀಕ್ಷೆಯ ಕೆಲಸದಲ್ಲಿದ್ದನು. ಈ ಆಟದ ಗಂಧವೂ ಆತನಿಗಿರಲಿಲ್ಲ. ಅದೇ ಅನುಕೂಲವಾಯಿತೇನೋ. ಊರಿನ ವೀರನ ಶವ ಮೇಜಿನ ಮೇಲಿದ್ದಾಗ ಆ ಊರಿನವರಾರೂ ಕೇಳದ ಪ್ರಶ್ನೆಯನ್ನು ಹೊರಗಿನವನಾದ ಆತ ಕೇಳಿದ: ಐವತ್ತು ವರ್ಷದ ಗಟ್ಟಿಮುಟ್ಟಾದ ದೇಹದೊಳಗೆ ಬುದ್ಧಿ ಹೀಗೇಕೆ ಕೆಟ್ಟಿತು? ತೆಗೆದು ನೋಡಿದರೆ ಮಿದುಳು ಬರಿಗಣ್ಣಿಗೆ ಸರಿಯಾಗಿಯೇ ಇತ್ತು. ಆತ ಬಿಡಲಿಲ್ಲ. ಸ್ವಂತ ಖರ್ಚಿನಿಂದ ಅದನ್ನು ತೆಳುವಾಗಿ ಸೀಳಿಸಿ, ಬಣ್ಣ ಹಾಕಿಸಿ, ಸೂಕ್ಷ್ಮದರ್ಶಕದಡಿ ನೋಡಿದನು. ಟೌ ಎಂಬ ಪ್ರೋಟೀನು ಗಂಟುಗಂಟಾಗಿ ಕಟ್ಟಿಕೊಂಡು ಜೀವಕೋಶಗಳನ್ನು ಉಸಿರುಗಟ್ಟಿಸಿದ್ದು ಕಂಡಿತು. ಮುಷ್ಟಿಯುದ್ಧದವರಲ್ಲಿ ಇಂಥದೊಂದು ಬುದ್ಧಿಭ್ರಮೆ ಬರುವುದನ್ನು ಮಾರ್ಟ್‌ಲೆಂಡ್ ಎಂಬ ವೈದ್ಯ 1928ರಲ್ಲಿಯೇ ಬರೆದಿದ್ದನು. ಫುಟ್‌ಬಾಲ್ ಆಟಗಾರನಲ್ಲಿ ಅದನ್ನು ತೋರಿಸಿದ್ದು ಒಮಾಲು 2005ರಲ್ಲಿ ಪ್ರಕಟಿಸಿದ ಲೇಖನ.

ಈ ಕಾಯಿಲೆಯ ಬಗೆಯನ್ನು ವಿದ್ಯಾರ್ಥಿಗಳಿಗೆ ನಾನು ಹೇಳುವುದು ತೆಂಗಿನಕಾಯಿಯ ಮೂಲಕ. ಒಣಗಿದ ಗಿಟುಕು ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಚಿಪ್ಪಿಗೆ ಬಡಿಯುವುದು ಕೇಳಿಸುತ್ತದೆ. ಚಿಪ್ಪು ಒಡೆದಿಲ್ಲ, ಮೇಲಿನ ನಾರೂ ಹಾಗೆಯೇ ಇದೆ. ಶಿರಸ್ತ್ರಾಣ ಕಾಯುವುದು ಚಿಪ್ಪನ್ನು. ತಲೆ ಓಡುತ್ತಾ ಬಂದು ಥಟ್ಟನೆ ನಿಂತಾಗ ಒಳಗಿನ ಮಿದುಳು ನಿಲ್ಲುವುದಿಲ್ಲ. ಅದು ಜಗ್ಗುತ್ತದೆ, ತಿರುಚಿಕೊಳ್ಳುತ್ತದೆ. ರಕ್ತವಿಲ್ಲ, ಊತವಿಲ್ಲ, ಪೆಟ್ಟು ತಿಂದವನೇ ಏನೂ ಆಗಿಲ್ಲವೆಂದು ಹೇಳುತ್ತಾನೆ. ಹೀಗೆ ಸಾವಿರಾರು ಸಲ ಆದ ಮೇಲೆ, ಆಟ ಬಿಟ್ಟು ಎಷ್ಟೋ ವರ್ಷ ಕಳೆದ ಮೇಲೆ, ರೋಗ ತಲೆಯೆತ್ತುತ್ತದೆ. ಸತ್ತ ಮೇಲೆ ಮಿದುಳನ್ನು ಸೀಳಿ ನೋಡಿದಲ್ಲದೆ ಇದನ್ನು ಖಚಿತವಾಗಿ ಹೇಳುವುದು ಇಂದಿಗೂ ಸಾಧ್ಯವಾಗಿಲ್ಲ. ಬದುಕಿರುವ ರೋಗಿಗೆ ರೋಗದ ಹೆಸರೂ ದೊರೆಯದೆ ಹೋಗುವುದು ಎಂಥ ಕಷ್ಟವೆಂಬುದನ್ನು ವೆಬ್‌ಸ್ಟರನ ಕೊನೆಯ ಹತ್ತು ವರ್ಷ ತೋರಿಸುತ್ತದೆ.

ಇನ್ನು ಆಟವನ್ನು ನಡೆಸುವ ಸಂಸ್ಥೆಯ ಮಾತು. ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂಬುದು ಆಟದ ಸಂಘವೆನ್ನುವುದಕ್ಕಿಂತ ಮಹಾ ವ್ಯಾಪಾರ. ತಲೆಯ ಪೆಟ್ಟನ್ನು ಕುರಿತು ವಿಚಾರಿಸಲು ಅದು 1994ರಲ್ಲಿ ಒಂದು ಸಮಿತಿಯನ್ನೇ ನೇಮಿಸಿತ್ತು. ಅದರ ಅಧ್ಯಕ್ಷನಾಗಿದ್ದವನು ಕೀಲುಬೇನೆಯ ವೈದ್ಯ! ಆ ಸಮಿತಿಯ ಸದಸ್ಯರು ಒಮಾಲುವಿನ ಲೇಖನವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಪತ್ರಿಕೆಗೆ ಬರೆದರು. ಆದರೆ ಇದಕ್ಕೂ ಮೊದಲೇ, ವೆಬ್‌ಸ್ಟರ್ ಬದುಕಿರುವಾಗಲೇ, ಆಟಗಾರರ ನಿವೃತ್ತಿ ವೇತನದ ಮಂಡಳಿಯು ಆತನ ಅಶಕ್ತತೆಗೆ ಆಟದಲ್ಲಿ ತಲೆಗೆ ಬಿದ್ದ ಪೆಟ್ಟೇ ಕಾರಣವೆಂದು ಒಪ್ಪಿ ವೇತನ ಮಂಜೂರು ಮಾಡಿತ್ತು. ಅಂದರೆ ಕಡತದ ಒಂದು ಹಾಳೆಯಲ್ಲಿ ಒಪ್ಪಿದ್ದನ್ನು ಇನ್ನೊಂದು ಹಾಳೆಯಲ್ಲಿ ಅಲ್ಲಗಳೆದಂತಾಯಿತು. ಕಚೇರಿಗಳ ಸ್ವಭಾವ ಬಲ್ಲವರಿಗೆ ಇದು ಹೊಸದಲ್ಲ. ಒಬ್ಬನಿಗೆ ಸಲ್ಲುವ ಹಣವೆಂದರೆ ಕೊಟ್ಟು ಮುಗಿಸಬಹುದು. ಎಲ್ಲರಿಗೂ ಸಲ್ಲುವ ಸತ್ಯವೆಂದಾಗ ಕೈ ಹಿಂದೆಗೆಯುತ್ತದೆ. ಹಿಂಬಾಕಿಗಾಗಿ ಆತನ ಕುಟುಂಬದವರು ನ್ಯಾಯಾಲಯಕ್ಕೆ ಹೋಗಬೇಕಾಯಿತು. 2006ರಲ್ಲಿ ಮೇಲಿನ ನ್ಯಾಯಾಲಯದಲ್ಲಿಯೂ ಅವರೇ ಗೆದ್ದರು.

ಲೀಗಿನವರು ಈ ಪೆಟ್ಟಿಗೂ ಈ ರೋಗಕ್ಕೂ ಸಂಬಂಧವುಂಟೆಂದು ಬಾಯಿಬಿಟ್ಟು ಹೇಳಿದ್ದು 2016ರಲ್ಲಿ, ಅಮೆರಿಕದ ಸಂಸತ್ತಿನ ಸಮಿತಿಯೊಂದರ ಮುಂದೆ. ಅಷ್ಟರಲ್ಲಿ ಸಾವಿರಾರು ಮಂದಿ ನಿವೃತ್ತ ಆಟಗಾರರು ದಾವೆ ಹೂಡಿ, 2013ರಲ್ಲಿ 76 ಕೋಟಿ 50 ಲಕ್ಷ ಡಾಲರುಗಳ ರಾಜಿಯಾಗಿ, ಆ ಮಿತಿಯೂ ಸಾಲದೆಂದು ನ್ಯಾಯಾಧೀಶರು ಹೇಳಿದ ಮೇಲೆ 2015ರಲ್ಲಿ ಮಿತಿಯಿಲ್ಲದ ಒಪ್ಪಂದವಾಗಿತ್ತು. ಈ ಒಪ್ಪಂದದ ಕಥೆಯಲ್ಲಿ ಒಂದು ಸಂಗತಿಯಂತೂ ಓದಿದವರ ತಲೆ ತಗ್ಗಿಸುವಂಥದು. ಪರಿಹಾರ ಕೇಳಿ ಬಂದವನ ಬುದ್ಧಿ ಎಷ್ಟು ಕುಂದಿದೆ ಎಂದು ಅಳೆಯುವಾಗ, ಕರಿಯ ಜನಾಂಗದವನಾದರೆ ಅವನ ಬುದ್ಧಿ ಮೊದಲಿನಿಂದಲೇ ಒಂದಷ್ಟು ಕಡಿಮೆ ಇದ್ದಿರಬೇಕೆಂದು ಲೆಕ್ಕ ಹಿಡಿಯುವ ಪದ್ಧತಿಯಿತ್ತು. ಹೀಗೆ ಲೆಕ್ಕ ಹಾಕಿದಾಗ ಅವನು ಕಳೆದುಕೊಂಡದ್ದೂ ಕಡಿಮೆಯೆಂದೇ ಬರುತ್ತದಲ್ಲವೆ? ಅದನ್ನು ಕೈಬಿಡುವುದಾಗಿ ಲೀಗು ಒಪ್ಪಿದ್ದು 2021ರಲ್ಲಿ. ಆ ಆಟಗಾರರಲ್ಲಿ ಹೆಚ್ಚಿನವರು ಕರಿಯರೇ ಎಂಬುದನ್ನು ಓದುಗರು ಗಮನಿಸಬೇಕು.

ಬಾಸ್ಟನ್ ವಿಶ್ವವಿದ್ಯಾನಿಲಯದ ಆನ್ ಮಕ್ಕೀ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಲೆಕ್ಕ ಬಹಳ ಪ್ರಸಿದ್ಧವಾಗಿದೆ. ಲೀಗಿನಲ್ಲಿ ಆಡಿದ್ದ 111 ಮಂದಿಯ ಮಿದುಳುಗಳನ್ನು ಪರೀಕ್ಷಿಸಿದಾಗ 110ರಲ್ಲಿ ಈ ರೋಗ ಕಂಡಿತು. ಈ ಅಂಕಿಯನ್ನು ಎತ್ತಿ ಹಿಡಿದು ಆಡಿದವರಿಗೆಲ್ಲ ರೋಗ ಖಂಡಿತ ಎನ್ನುವವರಿದ್ದಾರೆ, ಅದು ಸರಿಯಲ್ಲ. ಆ ಮಿದುಳುಗಳನ್ನು ದಾನ ಮಾಡಿದವರಲ್ಲಿ ಬಹುಮಂದಿ, ಮನೆಯ ಯಜಮಾನ ಕೊನೆಗಾಲದಲ್ಲಿ ವಿಚಿತ್ರವಾಗಿ ನಡೆದುಕೊಂಡದ್ದನ್ನು ಕಂಡು ಸಂಶಯಪಟ್ಟ ಕುಟುಂಬದವರು. ಆಸ್ಪತ್ರೆಗೆ ಬಂದವರನ್ನು ಎಣಿಸಿ ಊರಿನಲ್ಲಿ ಎಷ್ಟು ರೋಗಿಗಳೆಂದು ಹೇಳಲಾಗುವುದೆ? ಈ ಎಚ್ಚರಿಕೆಯನ್ನು ಮಕ್ಕೀಯ ತಂಡದವರೇ ತಮ್ಮ ಲೇಖನದಲ್ಲಿ ಕೊಟ್ಟಿದ್ದಾರೆ. ಹಾಗೆಂದು ಅಂಕಿಯನ್ನು ತಳ್ಳಿಹಾಕುವಂತೆಯೂ ಇಲ್ಲ.

ಇದೆಲ್ಲ ಅಮೆರಿಕದ ಆಟ, ಅಮೆರಿಕದ ರೋಗ ಎಂದು ಕೈತೊಳೆದುಕೊಳ್ಳಲು ನನಗೂ ಆಸೆಯೇ. ಆದರೆ ವೆಬ್‌ಸ್ಟರ್ ಸತ್ತ 2002ನೆಯ ಇಸವಿಯಲ್ಲಿಯೇ ಇಂಗ್ಲೆಂಡಿನಲ್ಲಿ ಜೆಫ್ ಆಸ್ಟಲ್ ಎಂಬ ಕಾಲ್ಚೆಂಡಾಟಗಾರ, ನಾವೂ ಆಡುವ ಕಾಲ್ಚೆಂಡಾಟದವನೇ, 59ರ ವಯಸ್ಸಿನಲ್ಲಿ ತೀರಿಕೊಂಡನು. ತಲೆಯಿಂದ ಚೆಂಡನ್ನು ಹೊಡೆಯುವುದರಲ್ಲಿ ಆತ ಎತ್ತಿದ ಕೈ. ವಿಚಾರಣೆ ನಡೆಸಿದ ಅಧಿಕಾರಿಯು ಅದನ್ನು ಕಸುಬಿನಿಂದ ಬಂದ ರೋಗವೆಂದು ತೀರ್ಪಿತ್ತನು. ಗಣಿಯಲ್ಲಿ ದುಡಿದವನ ಶ್ವಾಸಕೋಶದ ಬೇನೆಗೆ ಹೇಳುವ ಮಾತನ್ನು ಆಟಗಾರನ ಮಿದುಳಿಗೂ ಹೇಳಿದಂತಾಯಿತು. ಬಳಿಕ 2019ರಲ್ಲಿ ಗ್ಲಾಸ್ಗೋದ ವಿಲಿ ಸ್ಟುವರ್ಟ್ ಮತ್ತು ಸಂಗಡಿಗರು ಸ್ಕಾಟ್ಲೆಂಡಿನ 7,676 ಮಂದಿ ಮಾಜಿ ಆಟಗಾರರ ಮರಣದ ದಾಖಲೆಗಳನ್ನು ಮೂರರಷ್ಟು ಸಾಮಾನ್ಯ ಜನರ ದಾಖಲೆಗಳೊಡನೆ ಹೋಲಿಸಿದರು. ಮರೆವು ಮೊದಲಾದ ಮಿದುಳು ಸವೆಯುವ ರೋಗಗಳಿಂದ ಸತ್ತವರು ಆಟಗಾರರಲ್ಲಿ ನೂರಕ್ಕೆ 1.7, ಇತರರಲ್ಲಿ 0.5. ಆದರೆ ಹೃದ್ರೋಗದಿಂದಲೂ ಶ್ವಾಸಕೋಶದ ಕ್ಯಾನ್ಸರಿನಿಂದಲೂ ಸತ್ತವರು ಆಟಗಾರರಲ್ಲಿಯೇ ಕಡಿಮೆ. ಆಟ ಮೈಗೆ ಒಳ್ಳೆಯದೆಂಬ ನಮ್ಮ ಹಿರಿಯರ ಮಾತು ಸುಳ್ಳಲ್ಲ. ಕುತ್ತಿಗೆಯಿಂದ ಕೆಳಕ್ಕೆ ಅದು ಪೂರ್ತಿ ದಿಟ. 2021ರ ಮುಂದಿನ ವರದಿಯಲ್ಲಿ, ಗೋಲು ಕಾಯುವವರಲ್ಲಿ ಈ ಅಪಾಯ ಇತರರಿಗಿಂತ ಹೆಚ್ಚಿಲ್ಲ, ಹಿಂಗಾವಲಿನ ಆಟಗಾರರಲ್ಲಿ ಎಲ್ಲರಿಗಿಂತ ಹೆಚ್ಚು ಎಂದು ಕಂಡಿತು. ಚೆಂಡನ್ನು ತಲೆಯಿಂದ ಹೆಚ್ಚು ಹೊಡೆಯುವವರು ಯಾರೆಂದು ಆಟ ನೋಡಿದವರಿಗೆ ಗೊತ್ತು.

ನಮ್ಮ ನಾಡಿನಲ್ಲಿ ಕಾಲ್ಚೆಂಡಾಟ ಇಂದು ನಿನ್ನೆಯದಲ್ಲ. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು ಬಂದಿತು. ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತು. ಕೊನೆಯದರಿಂದ 54 ವರ್ಷ ಕಳೆದು, 2023ರಲ್ಲಿ, ಕರ್ನಾಟಕದ ಹುಡುಗರು ಅದನ್ನು ಮತ್ತೆ ತಂದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಮೇಲೆ ಗೋಲು ಹೊಡೆದವರು ಮೈಸೂರಿನ ಸಾರಂಗಪಾಣಿ ರಾಮನ್. ಅಂದು ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯ ನಮ್ಮ ಮೇಲೆ ಹತ್ತು ಗೋಲುಗಳನ್ನು ಹೇರಿದಾಗ ನಮ್ಮ ಪರವಾಗಿ ಒಂದನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ಕಲ್ಕತ್ತೆಯ ಈಸ್ಟ್ ಬೆಂಗಾಲಿನ ಐದು ಮಂದಿ ಮುಂಗಾವಲಿನವರನ್ನು ಜನ ಪಂಚಪಾಂಡವರೆಂದು ಕರೆಯುತ್ತಿದ್ದರು. ಅಹಮದ್ ಖಾನ್ ಅವರಲ್ಲೊಬ್ಬರು. ಅವರು ಬೆಂಗಳೂರಿನಲ್ಲಿ ತೀರಿಕೊಂಡದ್ದು 2017ರ ಆಗಸ್ಟಿನಲ್ಲಿ, ತೊಂಬತ್ತರ ವಯಸ್ಸಿನಲ್ಲಿ.

ಕಲ್ಕತ್ತೆಯ ಲೀಗ್ ನಡೆಯುತ್ತಿದ್ದದ್ದು ಮಳೆಗಾಲದಲ್ಲಿ. ಆಗಿನ ಚೆಂಡು ಹೊಲಿದ ಚರ್ಮದ್ದು. ಬಾಯಿಗೆ ದಾರ ಹೆಣೆದದ್ದು. ನೀರು ಕುಡಿದರೆ ಅದರ ತೂಕ ಏರುತ್ತಿತ್ತು. ಅಂಥ ಚೆಂಡನ್ನು ಎದುರಿಸಿ ತಲೆಯೊಡ್ಡುವುದನ್ನು ಶೌರ್ಯವೆಂದು ಕಲಿತ ಪೀಳಿಗೆ ಅದು. ಅದರ ಪರಾಕಾಷ್ಠೆ 1962ರ ಸೆಪ್ಟೆಂಬರ್ 4ರಂದು ಜಕಾರ್ತದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ಕೊನೆಯ ಪಂದ್ಯ. ಪಂಜಾಬಿನ ಜರ್ನೈಲ್ ಸಿಂಗರ ತಲೆ ಹಿಂದಿನ ಪಂದ್ಯವೊಂದರಲ್ಲಿ ಒಡೆದು ಹೊಲಿಗೆ ಬಿದ್ದಿತ್ತು. ಹಿಂಗಾವಲಿನ ಈ ಆಟಗಾರನನ್ನು, ಗುರು ರಹೀಂ ಅವರು ಮುಂಗಾವಲಿಗೆ ತಂದು ನಿಲ್ಲಿಸಿದರು. ಒಂದು ಲಕ್ಷದಷ್ಟು ಜನ, ಅವರಲ್ಲಿ ಹೆಚ್ಚಿನವರು ನಮ್ಮ ವಿರೋಧಿಗಳು, ಕೂಗುತ್ತಿರಲು ಜರ್ನೈಲ್ ಅದೇ ಗಾಯದ ತಲೆಯಿಂದ ಚೆಂಡನ್ನು ಗೋಲಿಗೆ ಹೊಡೆದರು. ದಕ್ಷಿಣ ಕೊರಿಯ ಸೋತಿತು, ಬಂಗಾರ ನಮ್ಮದಾಯಿತು. ಈ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಮೈನವಿರೇಳುವಂತೆ ಹೇಳಿದ್ದೇನೆ. ಈಗ ಹೇಳುವಾಗ ನಾಲಗೆ ತಡವರಿಸುತ್ತದೆ.

ಆ ಪಂದ್ಯದ ಇನ್ನೊಂದು ಗೋಲು ಹೊಡೆದ ಪಿ. ಕೆ. ಬ್ಯಾನರ್ಜಿಯವರು 2020ರ ಮಾರ್ಚಿನಲ್ಲಿ ತೀರಿಕೊಂಡಾಗ, ಅವರಿಗೆ ಪಾರ್ಕಿನ್ಸನ್ ಬೇನೆಯೂ ಮರೆಗುಳಿತನವೂ ಇದ್ದುವೆಂದು ಆಸ್ಪತ್ರೆಯವರು ತಿಳಿಸಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ತಂಡದ, ನಮ್ಮ ನಾಡಿನ ಕೆಂಪಯ್ಯನವರೂ ಇದ್ದ ಆ ತಂಡದ, ನಾಯಕರಾಗಿದ್ದ ಸಮರ್ ಬ್ಯಾನರ್ಜಿಯವರು 2022ರಲ್ಲಿ ಆಲ್‌ಜೈಮರ್ಸ್ ಮೊದಲಾದ ಬೇನೆಗಳಿಂದ ನರಳಿ ತೀರಿಕೊಂಡರು. ಇಬ್ಬರೂ ಎಂಬತ್ತು ದಾಟಿದವರು. ಆ ವಯಸ್ಸಿನಲ್ಲಿ ಮರೆವು ಯಾರನ್ನಾದರೂ ಹಿಡಿಯಬಹುದು. ಚೆಂಡನ್ನೇ ಅಪರಾಧಿಯೆನ್ನುವುದು ಅನ್ಯಾಯ. ನನ್ನ ಆಕ್ಷೇಪ ಬೇರೆ. ಅವರ ಗೋಲುಗಳನ್ನು ನಿಮಿಷದ ಲೆಕ್ಕದಲ್ಲಿ ಬರೆದಿಟ್ಟ ದೇಶ ಅವರ ತಲೆಗೆ ಬಿದ್ದ ಪೆಟ್ಟುಗಳನ್ನು ಎಣಿಸಲಿಲ್ಲ. ಇಂಗ್ಲೆಂಡಿನಲ್ಲಿ 1966ರ ವಿಶ್ವಕಪ್ ಗೆದ್ದ ಹನ್ನೊಂದು ಮಂದಿಯಲ್ಲಿ ಐವರಿಗೆ ಮರೆಗುಳಿತನ ಬಂದಿತೆಂಬುದು ಅಲ್ಲಿನ ಮನೆಮಾತಾಗಿದೆ.

ನಮ್ಮಲ್ಲಿ ನೆರವೇ ಇಲ್ಲವೆಂದು ಹೇಳುವುದು ಸಲ್ಲದು. ಬಡತನದಲ್ಲಿರುವ ಹಳೆಯ ಕ್ರೀಡಾಪಟುಗಳಿಗಾಗಿ 1982ರಿಂದ ಕೇಂದ್ರ ಸರ್ಕಾರದ ನಿಧಿಯಿದೆ. 1994ರಿಂದ ಪದಕ ಗೆದ್ದವರಿಗೆ ನಿವೃತ್ತಿ ವೇತನವಿದೆ. ಪದಕ ಗೆದ್ದವರಿಗೆ! ಮಿದುಳಿಗೆ ಪದಕದ ಪರಿಚಯವಿಲ್ಲ. ನಾಲ್ಕನೆಯ ಸ್ಥಾನದವನ ತಲೆಯೂ ಮೊದಲನೆಯವನದರಷ್ಟೇ ಪೆಟ್ಟು ತಿಂದಿರುತ್ತದೆ. ಬೆಂಗಳೂರಿನ ಆಟಗಾರರಿಗೆ ಒಂದು ಕಾಲದಲ್ಲಿ ಎಚ್.ಎ.ಎಲ್., ಐ.ಟಿ.ಐ.ಯಂಥ ಕಾರ್ಖಾನೆಗಳೇ ಆಸರೆಯಾಗಿದ್ದುವು. ಅಲ್ಲಿ ಕೆಲಸ, ಸಂಜೆ ಆಟ, ಆಟ ಬಿಟ್ಟ ಮೇಲೆಯೂ ಸಂಬಳ, ಕಾರ್ಖಾನೆಯ ಔಷಧಾಲಯ. ಇಂದಿನ ತರುಣರಿಗೆ ಹಣ ಹೆಚ್ಚು, ಕರಾರಿನ ಅವಧಿ ಕಡಿಮೆ. ಇನ್ನು ವಿದ್ಯೆಯ ಮಾತಾದರೆ, ಬೆಂಗಳೂರಿನ ನಿಮ್ಹಾನ್ಸಿನಲ್ಲಿ 1995ರಿಂದ ಮಿದುಳಿನ ಭಂಡಾರವೇ ಇದೆ; ಮನೆಯವರು ದಾನವಿತ್ತ ಮಿದುಳುಗಳನ್ನು ಸಂಶೋಧನೆಗಾಗಿ ಅಲ್ಲಿ ಕಾದಿಡುತ್ತಾರೆ. ಬಾಸ್ಟನ್ನಿನಲ್ಲಿ ನಡೆದ ಕೆಲಸಕ್ಕೆ ಬೇಕಾದ ಜಾಗ ನಮ್ಮೂರಿನಿಂದ ಒಂದೆರಡು ಗಂಟೆಯ ಹಾದಿಯಲ್ಲಿದೆ. ಹಳೆಯ ಆಟಗಾರರ ಮನೆಗಳಿಗೆ ಹೋಗಿ ಕೈಮುಗಿದು ಕೇಳುವವರು ಬೇಕಾಗಿದ್ದಾರೆ.

ಅದಕ್ಕೂ ಮುಂಚೆ ಆಗಬೇಕಾದದ್ದು ಮಕ್ಕಳ ಮಾತು. ಅಮೆರಿಕದ ಸಾಕರ್ ಸಂಘವು ಹತ್ತು ವರ್ಷದೊಳಗಿನವರು ಚೆಂಡನ್ನು ತಲೆಯಿಂದ ಹೊಡೆಯಬಾರದೆಂದು 2015ರಲ್ಲಿ ನಿಯಮ ಮಾಡಿತು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಅದರ ಅಭ್ಯಾಸ ಬೇಡವೆಂದು 2020ರಲ್ಲಿ ಇಂಗ್ಲೆಂಡಿನವರು ಹೇಳಿದರು. ಕ್ರಿಕೆಟ್ಟಿನಲ್ಲಿ ತಲೆಗೆ ಪೆಟ್ಟು ಬಿದ್ದವನ ಬದಲು ಬೇರೊಬ್ಬನನ್ನು ಆಡಿಸಲು 2019ರಿಂದ ಅವಕಾಶವಾಗಿದೆ. ನಮ್ಮಲ್ಲಿಯೂ ಎಚ್ಚರಿಕೆಯ ಗಂಟೆ ಹೊಡೆಯದೆ ಇಲ್ಲ. 2022ರ ಜುಲೈಯಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ತಲೆಗೆ ಪೆಟ್ಟು ತಿಂದು ಬಿದ್ದ ಮೈಸೂರಿನ 23 ವರ್ಷದ ತರುಣ ಮತ್ತೆ ಏಳಲಿಲ್ಲ. ಪತ್ರಿಕೆಗಳು ಒಂದು ವಾರ ಬರೆದವು.

ಈಗ ನನ್ನ ಕಾರಣ. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ನಮ್ಮ ಹುಡುಗರನ್ನು ಕರೆದುಕೊಂಡು ಹೋಗಿದ್ದೆ. ಕಬಡ್ಡಿ. ಮ್ಯಾಟಿರಲಿಲ್ಲ, ಗಟ್ಟಿ ನೆಲ. ನಮ್ಮ ಹುಡುಗನೊಬ್ಬ ದಾಳಿಗೆ ಹೋಗಿ, ಎದುರಿನವನ ಮೊಣಕಾಲು ಕಣತಲೆಗೆ ಬಡಿದು, ನೆಲಕ್ಕೆ ಬಿದ್ದ. ಒಂದು ಗಳಿಗೆ ಕಣ್ಣು ಬಿಡಲಿಲ್ಲ. ಮುಖಕ್ಕೆ ನೀರು ಚಿಮುಕಿಸಿದೆವು, ಎದ್ದು ಕುಳಿತ. ಆಗ ನಮಗೆ ಎರಡು ಅಂಕ ಕಡಿಮೆಯಿತ್ತು. ಆಡುತ್ತೀಯಾ ಎಂದು ಕೇಳಿದವನು ನಾನು. ಆಡುತ್ತೇನೆ ಎಂದ. ಬೆನ್ನು ತಟ್ಟಿ ಕಳುಹಿಸಿದವನೂ ನಾನೇ. ನಾವು ಗೆದ್ದೆವು. ಸಂಜೆ ಊರಿಗೆ ಬರುವ ದಾರಿಯಲ್ಲಿ ಅವನು ನನ್ನ ಪಕ್ಕದಲ್ಲಿ ನಡೆಯುತ್ತಾ, "ಸಾರ್, ನಾವು ಗೆದ್ವಾ?" ಎಂದು ಕೇಳಿದ. ಗೆದ್ದೆವಲ್ಲೋ ಎಂದೆ. ಹತ್ತು ಹೆಜ್ಜೆ ನಡೆದು ಅದನ್ನೇ ಮತ್ತೆ ಕೇಳಿದ. ಹುಡುಗರು ನಕ್ಕರು, ನಾನೂ ನಕ್ಕೆ. ಮೂರನೆಯ ಸಲ ಕೇಳಿದಾಗ ಯಾರೂ ನಗಲಿಲ್ಲ.

ದೇವನಹಳ್ಳಿಯಲ್ಲಿ ವೈದ್ಯರು ನೋಡಿದರು. ಮೂರು ವಾರ ಓದು, ಆಟ, ಮೊಬೈಲು ಏನೂ ಕೂಡದೆಂದರು. ಹುಡುಗ ಚೇತರಿಸಿಕೊಂಡ. ಎರಡನೆಯ ಸಲ ಅವನ ತಲೆಗೆ ಪೆಟ್ಟು ಬಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಆ ವೈದ್ಯರು ನನಗೆ ಹೊರಗೆ ಕರೆದು ಹೇಳಿದರು. ಅಂದಿನ ರಾತ್ರಿಯಿಂದ ನಾನು ವೆಬ್‌ಸ್ಟರನನ್ನು ಓದುತ್ತಿದ್ದೇನೆ.

ತಾಲ್ಲೂಕು ಮಟ್ಟದ ಪಂದ್ಯ ಹದಿನೈದೇ ದಿನಕ್ಕೆ ಬಂದಿತು. ಹುಡುಗ ಸಮವಸ್ತ್ರ ಹಾಕಿಕೊಂಡು ಬಂದು ನಿಂತ, ಚೆನ್ನಾಗಿದ್ದೇನೆ ಎಂದ, ತಂದೆಯೂ ಆಡಲಿ ಬಿಡಿ ಸಾರ್ ಎಂದರು. ನಾನು ಆಡಿಸಲಿಲ್ಲ. ಅಂಕ ಬರೆಯುವ ಹಾಳೆಯನ್ನು ಅವನ ಕೈಗೆ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡೆ. ನಾವು ಏಳು ಅಂಕಗಳಿಂದ ಸೋತೆವು. ಬರುವಾಗ ಹುಡುಗರು ನನ್ನೊಡನೆ ಮಾತನಾಡಲಿಲ್ಲ. ಅವನಂತೂ ಮುಖ ತಿರುಗಿಸಿಕೊಂಡು ನಡೆದ. ಹಾಳೆಯನ್ನು ಮನೆಗೆ ತಂದು ನೋಡಿದೆ. ಎರಡೂ ಕಡೆಯ ಒಂದೊಂದು ಅಂಕವನ್ನೂ ತಪ್ಪಿಲ್ಲದೆ ಬರೆದಿದ್ದ.